ಮಜಲು ಗದ್ದೆಯಲ್ಲಿ ಗೋಧಿ

ನವೆಂಬರ್ 14, 1964. ಸಿದ್ಧಕಟ್ಟೆ

ಬಿತ್ತನೆ ಮುಗಿಯಿತು. ಮಳೆಗಾಲದ ಭತ್ತ ಕೊಯ್ದ ಮಜಲು ಗದ್ದೆ, ಎತ್ತರದ ಗದ್ದೆಗೂ ತಗ್ಗಿನ ಬಯಲಿಗೂ ನಡುವಿನದು. ಹೆಂಟೆ ಒಡೆಯಲು ಇಬ್ಬರು ಹೆಂಗಸರು ಬಂದಿದ್ದರು. ಸಾಲು ಹಿಡಿದು ಬೀಜ ಹಾಕಿದ್ದು ನಾನೇ. ಈಗ ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ನನಗೆ ನಲವತ್ತೇಳಾಯಿತು ಎಂದು ಅದು ಹೇಳಬೇಕಾಗಿರಲಿಲ್ಲ.

ಮುಂದೆ ಗೊಂದಲವಾಗದಿರಲಿ ಎಂದು ಮೊದಲ ಪುಟದಲ್ಲೇ ಬರೆದಿಡುತ್ತೇನೆ. ಎಂ.ಎಸ್ಸಿ.ಯ ಪರೀಕ್ಷೆಗಳೆಲ್ಲ ಮುಗಿದಿವೆ, ಪ್ರಬಂಧ ಒಂದು ಉಳಿದಿದೆ. ಕರಾವಳಿಯ ಗದ್ದೆಯಲ್ಲಿ ಭತ್ತದ ನಂತರ ಗೋಧಿ ಬೆಳೆದೀತೇ ಎಂಬುದು ವಿಷಯ. ಬೆಂಗಳೂರಿನ ಪ್ರೊಫೆಸರರು ನಗುತ್ತಲೇ ಒಪ್ಪಿದರು. ನೋಂದಣಿಯ ಅವಧಿ ಎಪ್ರಿಲಿಗೆ ಮುಗಿಯುತ್ತದೆ. ಮೂಡಬಿದ್ರೆಯ ಶಾಲೆಯವರು ಮಾರ್ಚ್ ಕೊನೆಯ ತನಕ ಸಂಬಳವಿಲ್ಲದ ರಜೆ ಕೊಟ್ಟಿದ್ದಾರೆ. ಅಂದರೆ ನನ್ನ ಪಾಲಿಗೆ ಇರುವುದು ಈ ಒಂದೇ ಬೆಳೆ.

ಗದ್ದೆ ಸರಸಕ್ಕನದು. ಅಳಿಯಕಟ್ಟಿನ ಮನೆ, ಆಸ್ತಿ ಹೆಂಗಸರ ಕಡೆಯಿಂದ ಇಳಿದು ಬಂದದ್ದು. ಬೇಸಾಯ ನೋಡಿಕೊಳ್ಳುವವರು ಅವರ ತಮ್ಮ ಶೀನಪ್ಪಣ್ಣ. ನನ್ನ ವಾಸ ಅಬ್ದುಲ್ ಹಕೀಮರ ರೇಷನ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಧಿಯ ಸುದ್ದಿ ಕೇಳಿ ಅವರಿಗೆ ಬೇಸರವಾಗಿದೆ.

"ಟೀಚರೇ, ನನ್ನಲ್ಲಿ ಬಂದ ಗೋಧಿಯೇ ಗೋಣಿಯಲ್ಲಿ ಹುಳ ಹಿಡೀತಾ ಉಂಟು. ಒಬ್ಬನೂ ಕೊಂಡುಹೋಗುದಿಲ್ಲ. ನೀವು ಇನ್ನೂ ಬೆಳೆಸ್ತೀರಾ? ನನ್ನ ಮೇಲೆ ಎಂಥ ಕೋಪ ನಿಮಗೆ?"

"ತಿನ್ನಲಿಕ್ಕಲ್ಲ ಸಾಹೇಬರೇ, ಕಲಿಯಲಿಕ್ಕೆ."

"ಹಾಗಾದ್ರೆ ಅಡ್ಡಿಯಿಲ್ಲ. ತಿನ್ನಲಿಕ್ಕೆ ಅಂತ ಹೇಳಿದ್ರೆ ಈ ಊರೇ ಓಡ್ತದೆ."

ಒಂದು ಕವನ ಸಂಕಲನ ತಂದಿದ್ದೇನೆ. ದಿನಕ್ಕೆ ಒಂದು ಪದ್ಯ, ಎರಡಲ್ಲ. ಇದು ನಿಯಮ. ಯಾರೊಡನೆಯೂ ಹೆಚ್ಚು ಮಾತು ಬೇಡ ಎಂಬುದು ಇನ್ನೊಂದು ನಿಯಮ. ಬಂದದ್ದು ಕೆಲಸಕ್ಕೆ.

ನವೆಂಬರ್ 23

ಮೊಳಕೆ ಚೆನ್ನಾಗಿ ಬಂದಿದೆ. ಸರಸಕ್ಕ ಗದ್ದೆಯ ಅಂಚಿನ ಕಟ್ಟಪುಣಿಯ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಇದು ಹುಲ್ಲಲ್ವಾ?"

"ಭತ್ತವೂ ಹುಲ್ಲಿನ ಜಾತಿಯೇ ಸರಸಕ್ಕ."

"ಹೊರಗೆ ಹೇಳಿ ಬೇಕಾದ್ರೆ. ನನ್ನ ಗದ್ದೆಯಲ್ಲಿ ನಿಂತು ಭತ್ತವನ್ನು ಹುಲ್ಲು ಅಂತ ಹೇಳ್ಬೇಡಿ." ನಂತರ ನೆಲ ನೋಡಿದರು. "ಗದ್ದೆ ಬಾಯಿ ಬಿಟ್ಟಿದೆ. ದಾರಿಯಲ್ಲಿ ಹೋಗುವವರಿಗೆ ನಿಮ್ಮ ಗುರುತು ಉಂಟಾ? ಸರಸನ ಗದ್ದೆ ಒಣಗಿದೆ ಅಂತ ಹೇಳುದು."

ಗೋಧಿಗೆ ಇಷ್ಟು ಸಾಕು ಎಂದು ವಿವರಿಸಿದೆ. ತಲೆಯಾಡಿಸಿದರು. ಒಪ್ಪಿದ ತಲೆಯಾಡಿಸುವಿಕೆ ಅಲ್ಲ, ಸಭ್ಯತೆಯದು.

ಡಿಸೆಂಬರ್ 6

ಇಂದು ಗದ್ದೆಯ ಪಕ್ಕದ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಕಟ್ಟ ಹಾಕಿದರು. ಸಣ್ಣವಳಿದ್ದಾಗ ನೋಡಿದ್ದು, ಮರೆತೇ ಹೋಗಿತ್ತು. ಮಳೆಯ ನೀರು ಇಳಿದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡವಾಗಿ ಅಡಕೆ ಮರದ ಕಂಬ, ಕಲ್ಲು, ಸೊಪ್ಪು, ಕೆಸರು ತುಂಬಿ ನೀರು ನಿಲ್ಲಿಸುವುದು. ಆ ನೀರು ಕಣಿಗಳಲ್ಲಿ ಹರಿದು ಎಲ್ಲರ ಸುಗ್ಗಿ ಭತ್ತಕ್ಕೆ, ಅಂದರೆ ಎರಡನೆಯ ಬೆಳೆಗೆ, ಹೋಗುತ್ತದೆ. ಹೆಂಗಸರು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನೂ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತೆ. ಶೀನಪ್ಪಣ್ಣ ನೀರಿನಲ್ಲಿ ನಿಂತು ಕೂಗಿದರು: "ಟೀಚರ ಬುಟ್ಟಿ ಬಂತು, ಇನ್ನು ಕಟ್ಟ ಒಡೆಯುದಿಲ್ಲ!"

ಸಂಜೆಗೆ ನೀರು ಸೊಂಟದೆತ್ತರ ನಿಂತಿತ್ತು. ಎಷ್ಟು ವರ್ಷವಾಯಿತು ಇಷ್ಟು ಖುಷಿಯಾಗಿ. ನಿಯಮ ಮುರಿದು ಎರಡು ಪದ್ಯ ಓದಿದೆ.

ಡಿಸೆಂಬರ್ 16

ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುತ್ತಿವೆ. ಸಾರಜನಕದ ಕೊರತೆ ಇರಬೇಕು. ನಾಳೆ ಅಮೋನಿಯಂ ಸಲ್ಫೇಟ್ ಕೊಡುತ್ತೇನೆ. ಗಾಬರಿಗೆ ಕಾರಣವಿಲ್ಲ.

ಡಿಸೆಂಬರ್ 19

ಗೊಬ್ಬರಕ್ಕೆ ಎರಡು ದಿನ ಸಾಲದು, ಆದರೂ ಹಳದಿ ಇಷ್ಟು ಬೇಗ ಹರಡಬಾರದು. ಎರಡನೆಯ ಎಲೆಗೂ ಹಳದಿ ಏರಿದೆ. ಬೆಳವಣಿಗೆ ನಿಂತಂತಿದೆ. ಪದ್ಯ ಓದಲಿಲ್ಲ.

ಡಿಸೆಂಬರ್ 20

ಬೆಳಗಾಗುತ್ತಲೇ ಗದ್ದೆಗೆ ಹೋದೆ. ಸರಸಕ್ಕ ಹಾರೆ ಹಿಡಿದು ನನ್ನ ಗದ್ದೆಯ ಕಟ್ಟಪುಣಿ ಕಡಿದು, ತಮ್ಮ ಕಣಿಯ ನೀರನ್ನು ಗೋಧಿಗೆ ಬಿಡುತ್ತಿದ್ದರು.

"ಎಂಥ ಮಾಡ್ತಾ ಇದ್ದೀರಿ?"

"ನೋಡಿ, ಹಳದಿ ಆಗಿದೆಯಲ್ಲ. ಬಾಯಾರಿದೆ ಪಾಪ. ಇವತ್ತು ನೀರಿನ ಸರದಿ ನಮ್ಮದು, ಹಾಗೆ ಸ್ವಲ್ಪ ಇದಕ್ಕೂ ಕೊಟ್ಟೆ. ಮೊನ್ನೆಯೂ ಕೊಟ್ಟಿದ್ದೆ. ನಿಮಗೆ ಕೇಳ್ಲಿಕ್ಕೆ ನಾಚಿಕೆ ಅಂತ ನನಗೆ ಗೊತ್ತುಂಟು."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಯಾರನ್ನು ಕೇಳಿ ಮಾಡಿದಿರಿ, ನನ್ನ ಒಂದು ವರ್ಷ ನೀರಿಗೆ ಹಾಕಿದಿರಿ, ಎಂದೆಲ್ಲ. ಅವರು ಹಾರೆಯ ಮಣ್ಣನ್ನು ಹುಲ್ಲಿಗೆ ಒರೆಸಿ ಹೋದರು.

ಆಮೇಲೆ ಗದ್ದೆಯ ಆಚೆ ಮೂಲೆಯಲ್ಲಿ, ಅವರ ನೀರು ಮುಟ್ಟದ ಕಡೆ, ಒಂದು ಗುಂಡಿ ತೋಡಿದೆ. ಒಂದು ಗೇಣು ಆಳಕ್ಕೆ ಮಣ್ಣು ಬೂದಿ ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ನೋಡುತ್ತಿದ್ದಂತೆ ಬದಿಗಳಿಂದ ನೀರು ಒಸರಿ ಗುಂಡಿ ತುಂಬಿತು. ಗಿಡ ಕಿತ್ತರೆ ಬೇರು ಕಪ್ಪು. ಉಗುರಿನಲ್ಲಿ ಎಳೆದರೆ ಸಿಪ್ಪೆ ಕಳಚಿ ಬಂತು.

ಈ ನೀರು ಸರಸಕ್ಕನದಲ್ಲ. ತೋಡಿನಲ್ಲಿ ಸೊಂಟದೆತ್ತರ ನಿಂತದ್ದು ಮಣ್ಣಿನೊಳಗಿಂದ ಪಕ್ಕದ ಮಜಲಿಗೆ ಏರಿದೆ. ಕಟ್ಟ ಹಾಕುವುದೇ ಅದಕ್ಕೆ. ಅದನ್ನು ಹಾಕಲು ನಾನೂ ಮಣ್ಣು ಹೊತ್ತಿದ್ದೇನೆ. ಭತ್ತದ ಗದ್ದೆಗಳ ನಡುವೆ ಬೆಳೆದವಳಿಗೆ ನೀರು ಏರುವುದು ಸಂಕಟ ಎಂದು ಹೊಳೆಯಲೇ ಇಲ್ಲ.

ಡಿಸೆಂಬರ್ 21

ಸರಸಕ್ಕ ಬರಲಿಲ್ಲ.

ಡಿಸೆಂಬರ್ 23

ನಿನ್ನೆ ಶೀನಪ್ಪಣ್ಣನಲ್ಲಿ ಕೇಳಿದೆ: ಕಟ್ಟವನ್ನು ಸ್ವಲ್ಪ ತಗ್ಗಿಸಬಹುದೇ?

"ಟೀಚರೇ, ಗೋಧಿಗೆ ನೀರು ಜಾಸ್ತಿ ಆಯ್ತು ಅಂತ ಕಟ್ಟ ಕಡಿಯುದಾ? ಊರವರ ಭತ್ತದ ನೇಜಿ ನೆಟ್ಟು ವಾರ ಆಗಿಲ್ಲ. ನಾನು ಹೋಗಿ ಹಾಗೆ ಹೇಳಿದ್ರೆ ನನ್ನನ್ನೇ ಕಟ್ಟಕ್ಕೆ ತುಂಬಿಸ್ತಾರೆ."

ಇಂದು ಬಸ್ಸು ಹತ್ತಿ ಬಂಟ್ವಾಳದ ಬ್ಲಾಕ್ ಆಫೀಸಿಗೆ ಹೋದೆ. ಅಧಿಕಾರಿ ಒಳ್ಳೆಯವರು, ಗೋಧಿ ಎಂದ ಕೂಡಲೆ ಎದ್ದು ಕುಳಿತರು. ಆಹಾರದ ಕೊರತೆಯ ವರ್ಷ, ಸರಕಾರಕ್ಕೆ ಇಂಥದ್ದೇ ಬೇಕು. ತಾನು ಒಂದು ಸಾಲು ಬರೆದರೆ ನಾಳೆಯೇ ಕಟ್ಟ ತೆರೆಸಬಹುದು ಎಂದರು. ಪೆನ್ನಿನ ಮುಚ್ಚಳವನ್ನೂ ತೆಗೆದರು.

ಆ ಕ್ಷಣಕ್ಕೆ ನನಗೆ ಬೇಕಿದ್ದದ್ದು ಅದೇ. ಆದರೆ ಅವರ ಕೈಯಲ್ಲಿ ಪೆನ್ನು ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು. ಕಟ್ಟ ಒಡೆದರೆ ಈ ಗೋಧಿ ಬದುಕುತ್ತದೆ, ನನ್ನ ಪ್ರಶ್ನೆ ಸಾಯುತ್ತದೆ. ಈ ಸೀಮೆಯಲ್ಲಿ ಪ್ರತಿ ವರ್ಷ ಕಟ್ಟ ಇದ್ದೇ ಇರುತ್ತದೆ. ಅದನ್ನು ಒಡೆದರೆ ಮಾತ್ರ ಬೆಳೆಯುವ ಗೋಧಿಯನ್ನು ಇಲ್ಲಿ ಯಾರು ಬೆಳೆದಾರು? ಬೇಡ ಎಂದೆ. ಅವರು ಮುಚ್ಚಳ ಹಾಕಿದರು. ನಿರಾಶೆಯಾಯಿತೇನೋ.

ಬಸ್ಸಿನಲ್ಲಿ ಟಿಕೇಟಿನ ಹಿಂದೆ ಗದ್ದೆಯ ನಕ್ಷೆ ಬರೆದೆ. ಸುತ್ತ ಆಳದ ಚರಂಡಿ ತೋಡಿ, ಅದರ ಬಾಯಿಯನ್ನು ಕಟ್ಟದ ಕೆಳಗಡೆ, ತೋಡು ತಗ್ಗಿರುವಲ್ಲಿ ಬಿಟ್ಟರೆ ನೀರು ಇಳಿದೀತು. ನಡುವೆ ಇರುವುದು ಸರಸಕ್ಕನ ಸೌತೆಯ ಸಾಲುಗಳು.

ಡಿಸೆಂಬರ್ 24

ಹೋದೆ. ಸರಸಕ್ಕ ಬಸಳೆ ಚಪ್ಪರದ ಅಡಿಯಲ್ಲಿ ಕುಳಿತಿದ್ದರು, ಏಳಲಿಲ್ಲ.

"ಮೊನ್ನೆ ನಾನು ಹಾಗೆ ಮಾತಾಡಬಾರದಿತ್ತು. ನೀರು ನಿಮ್ಮದಲ್ಲ, ಕಟ್ಟದ್ದು."

"ಮಾತಾಡಿ ಆಯ್ತಲ್ಲ." ಬಸಳೆಯ ಒಂದು ದಂಟು ಮುರಿಯುತ್ತ, "ಸರದಿಯ ನೀರು ನಾನು ನನ್ನ ತಂಗಿಗೂ ಕೊಟ್ಟದ್ದಿಲ್ಲ, ಗೊತ್ತುಂಟಾ?"

ನಾನೂ ಕೆಳಗೆ ಕುಳಿತೆ. ಆಮೇಲೆ ಟಿಕೇಟಿನ ನಕ್ಷೆ ತೋರಿಸಿ ಚರಂಡಿಯ ವಿಷಯ ಹೇಳಿದೆ.

"ಸೌತೆಯ ಮಧ್ಯದಿಂದಲಾ?"

"ಎರಡು ಸಾಲು ಹೋಗ್ತದೆ."

"ಮೂರು ಹೋಗ್ತದೆ. ಟಿಕೇಟಿನಲ್ಲಿ ಗೆರೆ ಹಾಕಿದ ಹಾಗಲ್ಲ ಮಾರಾಯ್ತಿ, ತೋಡಿದ ಮಣ್ಣು ಎಲ್ಲಿ ಹಾಕ್ತೀರಿ?" ಎಂದು ಎದ್ದು ಹಾರೆ ಹುಡುಕಲು ಹೋದರು. ನನ್ನನ್ನು ಮಾರಾಯ್ತಿ ಎಂದು ಕರೆದದ್ದು ಇದೇ ಮೊದಲು.

ಡಿಸೆಂಬರ್ 28

ಅಂಗೈಯಲ್ಲಿ ಬೊಕ್ಕೆ, ಬರೆಯುವುದು ಕಷ್ಟ. ಗದ್ದೆಯ ಮೂಡು ಭಾಗದಲ್ಲಿ ಚರಂಡಿ ಮೊಣಕಾಲಿನ ಆಳಕ್ಕೆ ಇಳಿಯಿತು. ಪಡುವಲಲ್ಲಿ ಗಟ್ಟಿ ಕೆಂಪು ಮುರಕಲ್ಲಿನ ಬಂಡೆ ಅಡ್ಡ ಸಿಕ್ಕಿತು. ಶೀನಪ್ಪಣ್ಣನ ಹಾರೆಯ ಬಾಯಿ ಮಡಚಿತು. ಈಗ ಅರ್ಧ ಗದ್ದೆಯ ನೀರು ಹನಿಹನಿಯಾಗಿ ಕಟ್ಟದ ಕೆಳಗೆ ಇಳಿಯುತ್ತಿದೆ, ಇನ್ನರ್ಧ ಕೆಸರಿನಲ್ಲೇ ನಿಂತಿದೆ.

ಮೊದಲು ಅಳು ಬಂತು. ಕೈ ತೊಳೆದು ಬಂದು ನೋಡಿದರೆ ಬೇರೆಯೇ ಕಂಡಿತು. ಒಂದೇ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಬಿಸಿಲು. ಒಂದು ಬದಿಯ ಬೇರಿಗೆ ಗಾಳಿ, ಇನ್ನೊಂದಕ್ಕೆ ಇಲ್ಲ. ಕೇಳಬೇಕಾದ ಪ್ರಶ್ನೆ ಎಷ್ಟು ಬೆಳೆಯುತ್ತದೆ ಎಂದಲ್ಲ. ನೀರು ನಿಂತಾಗ ಎಲೆಗೆ ಏನಾಗುತ್ತದೆ? ಇಳಿದಾಗ ಅದು ಚೇತರಿಸಿಕೊಳ್ಳುತ್ತದೆಯೆ?

ನಾಳೆ ಮೂಡಬಿದ್ರೆಗೆ ಹೋಗಿ ಶಾಲೆಯ ತಕ್ಕಡಿ, ಸೂಕ್ಷ್ಮದರ್ಶಕ ತರಬೇಕು.

ಜನವರಿ 1, 1965

ಕ್ರಮ ಹೀಗೆ. ಬೆಳಿಗ್ಗೆ ಎಲೆಯ ನಡುನರದ ಒಂದು ಪಕ್ಕದಿಂದ ಅಳತೆಯ ತುಂಡು ಕತ್ತರಿಸುವುದು, ಸಂಜೆ ಅದೇ ಎಲೆಯ ಇನ್ನೊಂದು ಪಕ್ಕದಿಂದ ಅಷ್ಟೇ ತುಂಡು. ಎರಡನ್ನೂ ಕೆಂಡದ ಮೇಲಿನ ತಗಡಿನ ಡಬ್ಬಿಯಲ್ಲಿ ಒಣಗಿಸಿ ತೂಗುವುದು. ಎಲೆ ಹಗಲಿಡೀ ಬಿಸಿಲು ಕುಡಿದು ಆಹಾರ ಮಾಡಿದ್ದರೆ ಸಂಜೆಯ ತುಂಡು ಹೆಚ್ಚು ತೂಗಬೇಕು.

ತೊಂದರೆ ಒಂದೇ. ಅಂಗಡಿಯಲ್ಲಿ ಗೋಣಿ ಇಳಿಸಿದಾಗಲೆಲ್ಲ ತಕ್ಕಡಿಯ ಮುಳ್ಳು ನಡುಗುತ್ತದೆ. ಇಂದು ಶುಕ್ರವಾರ, ಹಕೀಮರು ಮಧ್ಯಾಹ್ನ ಬಾಗಿಲು ಹಾಕಿ ಮಸೀದಿಗೆ ಹೋದಾಗ ತೂಗಿದೆ. ಮರಳಿ ಬಂದವರು ಬಾಗಿಲ ಹೊರಗೇ ನಿಂತು ಪಿಸುಗುಟ್ಟಿದರು: "ಟೀಚರೇ, ಉಸಿರು ಬಿಡಬಹುದಾ?"

ಜನವರಿ 9

ಹಕೀಮರ ಉಪವಾಸದ ತಿಂಗಳು ಸುರುವಾಗಿದೆ. ಹಗಲು ಅಂಗಡಿಯಲ್ಲಿ ಜನ ಕಡಿಮೆ, ಮುಳ್ಳು ಸ್ಥಿರ. ಹಕೀಮರು ಗೋಣಿ ಇಳಿಸುವುದನ್ನು ತಾವಾಗಿ ಸಂಜೆಗೆ ಹಾಕಿಕೊಂಡಿದ್ದಾರೆ.

ನೀರು ನಿಂತ ಬದಿಯ ಎಲೆ ಹಗಲಿನಲ್ಲಿ ಏನೂ ಗಳಿಸುವುದಿಲ್ಲ ಎನ್ನಬಹುದು. ಇದು ನಿರೀಕ್ಷಿಸಿದ್ದೇ. ಆದರೆ ಬೆಳಗಿನ ತೂಕ ವಿಚಿತ್ರ. ಹಸಿರು ಉಳಿದಿರುವ ಎಲೆಗಳನ್ನು ಮಾತ್ರ ಹೋಲಿಸಿದರೆ, ನೀರು ನಿಂತ ಬದಿಯದ್ದೇ ಬೆಳಿಗ್ಗೆ ಹೆಚ್ಚು ಭಾರ. ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ ಬಂತು. ಉಪವಾಸ ಬಿದ್ದಿರಬೇಕಾದ ಎಲೆ ಹೊಟ್ಟೆ ತುಂಬಿ ಕುಳಿತಿದೆ!

ಇಡೀ ಮಧ್ಯಾಹ್ನ ಯೋಚಿಸಿದೆ. ಹೀಗಿರಬೇಕು: ಬೇರಿಗೆ ಗಾಳಿಯಿಲ್ಲ. ಗಾಳಿಯಿಲ್ಲದ ಬೇರು ಬೆಳೆಯುವುದಿಲ್ಲ. ಬೆಳೆಯದ ಬೇರು ಸಕ್ಕರೆ ಕೇಳುವುದಿಲ್ಲ. ಎಲೆ ಮಾಡಿದ್ದೆಲ್ಲ ಎಲೆಯಲ್ಲೇ ಉಳಿದಿದೆ. ಕೇಳುವವರಿಲ್ಲ ಎಂದು ಅದು ಮಾಡುವುದನ್ನೇ ಬಿಟ್ಟಿದೆ.

ಹಕೀಮರಿಗೆ ಹೇಳಿದೆ. "ನನ್ನ ಗೋಧಿ ಗೋಣಿಯ ಹಾಗೆ" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಜನವರಿ 13

ಸರಸಕ್ಕ ಬೆಳಿಗ್ಗೆ ಒಂದು ಕೊಡಪಾನ ಹಿಡಿದು ಬಂದು ಪಡುವಲ ಬದಿಯ ನೀರು ಎತ್ತಿ ಹೊರಗೆ ತೋಕಲು ಸುರು ಮಾಡಿದರು.

"ಬೇಡ ಸರಸಕ್ಕ, ಅದು ಹಾಗೇ ಇರಲಿ."

"ಎಂಥ ಹಾಗೇ ಇರುದು? ಒಂದು ಮಗುವಿಗೆ ಬಡಿಸಿ ಇನ್ನೊಂದರ ಹಸಿವು ನೋಡ್ತಾ ಕೂರುದಾ? ನಿಮ್ಮ ಕಾಲೇಜಿನಲ್ಲಿ ಇದನ್ನೇ ಕಲಿಸುದಾ?"

ಈ ಬದಿ ನೀರಿನಲ್ಲೇ ಇರದಿದ್ದರೆ ಮೂಡು ಬದಿ ಚೇತರಿಸಿತೆಂದು ಹೇಳುವುದು ಹೇಗೆ ಎಂದು ವಿವರಿಸಿದೆ. ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕ ಹೊರಗೆ ತಂದು ಜಗಲಿಯ ಮೇಲೆ ಇಟ್ಟೆ. ನೀರು ನಿಂತ ಬದಿಯ ಗಿಡದ ಬುಡದಲ್ಲಿ ಈಚೆಗೆ ಬಿಳಿಯ ಹೊಸ ಬೇರುಗಳು ಬಂದಿವೆ. ಒಂದನ್ನು ಅಡ್ಡ ಕೊಯ್ದು ತೋರಿಸಿದೆ. ಒಳಗೆಲ್ಲ ತೂತು, ತಾವರೆಯ ದಂಟಿನ ಹಾಗೆ. ಮಣ್ಣಿನಲ್ಲಿ ಸಿಗದ ಗಾಳಿಯನ್ನು ಮೇಲಿನಿಂದ ತರಲು ಗಿಡ ತಾನೇ ಕೊಳವೆ ಮಾಡಿಕೊಂಡಿದೆ.

ಸರಸಕ್ಕ ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. "ಹಾಗಾದ್ರೆ ಅದು ಸುಮ್ಮನೆ ಕೂತಿಲ್ಲ."

"ಇಲ್ಲ."

"ಹಾಗಾದ್ರೆ ಇರಲಿ. ನೋಡುವ." ಕೊಡಪಾನವನ್ನು ಜಗಲಿಯಲ್ಲೇ ಬಿಟ್ಟು ಹೋದರು.

ಜನವರಿ 18

ಮೂಡು ಬದಿಯಲ್ಲಿ ಹೊಸ ಎಲೆ ಬಂದಿದೆ. ಹಸಿರು! ಸಂಜೆಯ ತುಂಡು ಬೆಳಗಿನದಕ್ಕಿಂತ ಸ್ಪಷ್ಟವಾಗಿ ಭಾರ. ಹಳದಿಯಾದ ಹಳೆಯ ಎಲೆಗಳು ಮಾತ್ರ ಹಾಗೇ ಇವೆ. ಅವು ಮರಳಿ ಹಸಿರಾಗುವುದಿಲ್ಲ. ಗಿಡ ಚೇತರಿಸುವುದು ಎಂದರೆ ಕೆಟ್ಟದ್ದು ಸರಿಯಾಗುವುದಲ್ಲ, ಹೊಸದು ಬರುವುದು.

ಎಲೆಗಳನ್ನು ಒತ್ತಲು ಭಾರದ ಪುಸ್ತಕ ಬೇಕಾಗಿ ಕವನ ಸಂಕಲನ ತೆಗೆದೆ. ಧೂಳು ಹಿಡಿದಿತ್ತು. ಅರುವತ್ತೆರಡನೆಯ ಪುಟದಲ್ಲಿ ಮೂಡು ಬದಿಯ ಎಲೆ, ಅರುವತ್ತಮೂರರಲ್ಲಿ ಪಡುವಲ ಬದಿಯದು.

ಜನವರಿ 24

ಪ್ರೊಫೆಸರರು ಬಂದು ಹೋದರು. ಚಾರ್ಮಾಡಿ ಇಳಿಯುವಾಗ ಹೊಟ್ಟೆ ತೊಳಸಿ, ಬೆಳ್ತಂಗಡಿಯಲ್ಲಿ ಒಂದು ರಾತ್ರಿ ಮಲಗಿ, ಇಲ್ಲಿ ತಲುಪುವಾಗ ಮುಖ ನಮ್ಮ ಕೆಳಗಿನ ಎಲೆಗಳ ಬಣ್ಣಕ್ಕೆ ಬಂದಿತ್ತು. ಸರಸಕ್ಕ ಮಜ್ಜಿಗೆ ಕೊಟ್ಟರು. ಗದ್ದೆ ನೋಡಿದ ಕೂಡಲೆ ಪ್ರೊಫೆಸರರು ಹೇಳಿದರು:

"ನಾನು ಮೊದಲೇ ಹೇಳಿರ್ಲಿಲ್ವೇನಮ್ಮಾ? ಇಳುವರಿ ಎಲ್ಲಿದೆ ಇದರಲ್ಲಿ? ಕಿತ್ತು ಹಾಕಿಬಿಡಿ. ಗೌರವವಾಗಿ ಶಾಲೆಗೆ ವಾಪಸ್ ಹೋಗಿ."

"ಕೀಳುವುದಿಲ್ಲ ಸರ್. ಮೊದಲು ಎಲೆಯ ತೂಕ ನೋಡಿ."

ನೋಡಿದರು. ಬೇರು ನೋಡಬೇಕೆಂದು ಪಡುವಲ ಬದಿಗೆ ಇಳಿದರು; ಒಂದು ಬೂಟು ಕೆಸರಿನಲ್ಲೇ ಉಳಿಯಿತು. "ಬೇರಿಗೆ ಗಾಳಿ ಇಲ್ಲ ಅಂತ ಟೀಚರ್ ಹೇಳಿದ್ರಲ್ಲ, ಈಗ ಕಾಲಿಗೆ ಗೊತ್ತಾಯ್ತು" ಎಂದರು ಸರಸಕ್ಕ. ಪ್ರೊಫೆಸರರು ಒಂಟಿ ಬೂಟಿನಲ್ಲೇ ಗದ್ದೆಯ ನಡುವೆ ಕುಳಿತು ಎರಡು ಬದಿಯ ಗಿಡಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಬೆಳಗಿನ ತೂಕ ಹೆಚ್ಚಿರೋದು, ಇದು ಒಳ್ಳೇ ವಿಷಯ. ಆದ್ರೆ ಕೇಳಿ. ಒಂದು ಚರಂಡಿ, ಎರಡು ತುಂಡು. ಕಲ್ಲು ಸಿಕ್ಕಿದ್ದರಿಂದ ಅರ್ಧ ಉಳೀತು. ಇದು ನಡೆದುಹೋದ ಘಟನೆ, ಪ್ರಯೋಗ ಅಲ್ಲ. ಹಲವು ತುಂಡು ಮಾಡಿ, ನೀರು ಏರೋ ದಿನ ನೀವೇ ನಿಶ್ಚಯ ಮಾಡಿ, ಇಳಿಯೋ ದಿನ ನೀವೇ ನಿಶ್ಚಯ ಮಾಡಿ, ಇದನ್ನೇ ಇನ್ನೊಂದು ಸಲ ತೋರಿಸಿ. ಆಗ ಒಪ್ತೀನಿ."

ಇನ್ನೊಂದು ಸಲ ಎಂದರೆ ಇನ್ನೊಂದು ವರ್ಷ. ಅವಧಿ ಒಂದು ವರ್ಷ ಮುಂದಕ್ಕೆ ಹಾಕಿಸಬಹುದಂತೆ, ಆದರೆ ಕೆಲಸದಲ್ಲಿ ಇರುವವರಿಗೆ ಆ ಅವಕಾಶವಿಲ್ಲ. ಜೂನಿನಲ್ಲಿ ಮುಖ್ಯೋಪಾಧ್ಯಾಯಿನಿಯ ಜಾಗ ನನಗೆ ಎಂದು ಶಾಲೆಯಲ್ಲಿ ಮಾತಾಗಿದೆ. ಇಪ್ಪತ್ತು ವರ್ಷ ಕಾದ ಜಾಗ.

ಯೋಚಿಸಲು ಮಾರ್ಚ್ ಕೊನೆಯ ತನಕ ಸಮಯವಿದೆ. ಈಗ ತೆನೆ ಬರುವ ಹೊತ್ತು, ಅಳತೆ ನಿಲ್ಲಿಸುವ ಹಾಗಿಲ್ಲ.

ಫೆಬ್ರವರಿ 20

ಕೊಯ್ಲು. ಮೂಡು ಬದಿಯಲ್ಲಿ ತೆನೆ ಸಣ್ಣದು, ಆದರೆ ಕಾಳು ತುಂಬಿದೆ. ಪಡುವಲಲ್ಲಿ ತೆನೆಯೇ ಅಪರೂಪ, ಕಾಳು ಜೀರಿಗೆಯಷ್ಟು. ಎರಡನ್ನೂ ಬೇರೆ ಬೇರೆ ಕಟ್ಟಿಟ್ಟೆ.

ಸರಸಕ್ಕ ಮೂಡು ಬದಿಯದ್ದರಲ್ಲಿ ಒಂದು ಹಿಡಿ ಒಯ್ದು, ಅಕ್ಕಿಯ ಜೊತೆ ಅರೆದು ದೋಸೆ ಮಾಡಿ ಎಲ್ಲರಿಗೂ ಕಳಿಸಿದರು. ಹಕೀಮರು ತಿಂದು, "ಇದು ನನ್ನ ಅಂಗಡಿಯದ್ದಲ್ಲ, ಖಂಡಿತ" ಎಂದರು. ಹೊಗಳಿಕೆ ಎಂದೇ ತಿಳಿದುಕೊಂಡೆ.

ಮಾರ್ಚ್ 29

ಮೂಡಬಿದ್ರೆಗೆ ಹೋಗಿ ರಾಜೀನಾಮೆ ಕೊಟ್ಟು ಬಂದೆ. ವಾರಕ್ಕೆ ಮೂರು ದಿನ ಇಲ್ಲಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ ಕೋಣೆಯ ಬಾಡಿಗೆ, ಊಟ ಕಳೆಯುತ್ತದೆ. ಹಕೀಮರು ಆಗಲೇ ಪಾಠಕ್ಕೆಂದು ಜಗಲಿ ಖಾಲಿ ಮಾಡಿಸಿದ್ದಾರೆ.

ಮುಂದಿನ ವರ್ಷ ಗದ್ದೆಯನ್ನು ಎಂಟು ತುಂಡು ಮಾಡಬೇಕು. ನಾಲ್ಕಕ್ಕೆ ಮಳೆಗಾಲ ಮುಗಿದ ಕೂಡಲೆ ಚರಂಡಿ. ಮುರಕಲ್ಲನ್ನು ಒಡೆಯುವವರು ಸಿದ್ಧಕಟ್ಟೆಯಲ್ಲೇ ಇದ್ದಾರೆ. ಉಳಿದ ನಾಲ್ಕಕ್ಕೆ ನಮ್ಮ ಕಟ್ಟದ ನೀರು ಏರಲಿ. ಅವುಗಳ ಚರಂಡಿಯ ಬಾಯಿ ನಾನು ಹೇಳಿದ ದಿನ ತೆರೆಯುವುದು.

ಸಂಜೆ ಸರಸಕ್ಕನ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಹೇಳಿದೆ. ಸೌತೆ ಹಾಕುವುದನ್ನು ಮೇಲಿನ ಗದ್ದೆಗೆ ಬದಲಿಸುವ ಎಂದರು ಸರಸಕ್ಕ. ಶೀನಪ್ಪಣ್ಣ ವೀಳ್ಯದೆಲೆಯ ನಾರು ತೆಗೆಯುತ್ತ ಕೇಳುತ್ತಿದ್ದರು.

"ಟೀಚರೇ, ಕಟ್ಟ ಎರಡು ದಿನ ಹಿಂದೆ ಮುಂದೆ ಆದ್ರೆ ಊರವರಿಗೆ ತೊಂದರೆ ಇಲ್ಲ. ನಾನು ಮಾತಾಡಿದ್ದೇನೆ. ನಿಮಗೆ ನೀರು ಯಾವ ದಿನ ಬೇಕು?"

"ದಿನ ಈಗ ಹೇಳಲಿಕ್ಕೆ ಆಗುವುದಿಲ್ಲ ಶೀನಪ್ಪಣ್ಣ. ಗೋಧಿಯ ಮೂರನೆಯ ಎಲೆ ಪೂರ್ತಿ ಬಿಚ್ಚಿದ ದಿನ."

ಅವರು ಅಕ್ಕನ ಮುಖ ನೋಡಿದರು. ಎಲೆಯನ್ನು ಮಡಚಿ ಬಾಯಿಗಿಟ್ಟರು.

"ಆಗ್ಲಿ," ಎಂದರು. "ಎಲೆ ನೋಡುವ."